ಕಾವಿಗೆ ಕೂರುವವಳು ಯಾರು?

ಜೂನ್ 1 ಬಂತೆಂದರೆ ಕಾರವಾರದ ಬೈತಖೋಲ್ ಬಂದರಿನಲ್ಲಿ ದೋಣಿಗಳು ಮೈಗೆ ಮೈ ತಾಗಿಸಿ ನಿಲ್ಲುತ್ತವೆ. ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಅಂಕೋಲೆಯ ಮೀನುಪೇಟೆಯಲ್ಲಿ ಒಣಮೀನಿನ ಮುಂದೆ ಗಿರಾಕಿಗಳು ಹೆಚ್ಚುವ ಆ ಎರಡು ತಿಂಗಳು ನಮ್ಮ ಕಡೆಯ ಅಡುಗೆಮನೆಗಳಲ್ಲಿ ತತ್ತಿಗೆ ಎಲ್ಲಿಲ್ಲದ ಮರ್ಯಾದೆ. ಹಿತ್ತಲಲ್ಲಿ ನಾಲ್ಕು ಕೋಳಿ ಇದ್ದವರ ಮನೆಗೆ ಅಕ್ಕಪಕ್ಕದವರು ಪಾತ್ರೆ ಹಿಡಿದು ಬರುತ್ತಾರೆ. ತತ್ತಿ ಎಣಿಸಿಕೊಂಡು ಹೊರಡುವ ಮುಂಚೆ ಕೇಳುವ ಮಾತು ಮಾತ್ರ ಪ್ರತಿ ವರ್ಷವೂ ಅದೇ: "ಯಾವ ಜಾತಿ ಕೋಳಿ ತಂದ್ರೆ ಹೆಚ್ಚು ತತ್ತಿ ಇಡ್ತದೆ?"

ಅಂಕೋಲೆ ತಾಲ್ಲೂಕಿನ ನಮ್ಮ ಹಿತ್ತಲಲ್ಲಿ ಹತ್ತು ಹನ್ನೆರಡು ಕೋಳಿ ಯಾವಾಗಲೂ ಇರುತ್ತವೆ. ಮೊದಮೊದಲು ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಓಡಾಡಿದವನು. ಉತ್ತರ ಕಷ್ಟದ್ದೇನಲ್ಲ. ತಳಿಯ ಮಾಹಿತಿಪತ್ರ ತೆರೆದರೆ ವರ್ಷಕ್ಕೆ ಇಷ್ಟು ಮೊಟ್ಟೆ ಎಂದು ಅಚ್ಚಾಗಿರುತ್ತದೆ. ಆದರೆ ಆ ಅಂಕಿಯಲ್ಲಿ ಮುಂಗುಸಿ ಇಲ್ಲ, ಹದ್ದು ಇಲ್ಲ, ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಸುರಿಯುವ ನಮ್ಮ ಮಳೆಯೂ ಇಲ್ಲ. ನಾಲ್ಕಾರು ತಳಿ ಸಾಕಿ, ಒಂದಷ್ಟು ಕಳೆದುಕೊಂಡ ಮೇಲೆ ಪಕ್ಕದ ಮನೆಯ ಅಜ್ಜಿ ಒಂದು ದಿನ ಬೇಲಿಯಾಚೆಯಿಂದ ಹೇಳಿದ ಮಾತು ನನಗೆ ನಾಟಿತು: "ತಮಾ, ತತ್ತಿ ಇಡೂ ಕೋಳಿನೇ ಬೇರೆ, ಮರಿ ಮಾಡೂ ಕೋಳಿನೇ ಬೇರೆ. ಎರಡೂ ಬೇಕು." ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಹೆಚ್ಚುಕಡಿಮೆ ಅದನ್ನೇ.

ಊರ ಕೋಳಿಯಿಂದಲೇ ಶುರುಮಾಡೋಣ. ವರ್ಷಕ್ಕೆ 50ರಿಂದ 70 ಮೊಟ್ಟೆ, ಒಂದೊಂದು 40 ಗ್ರಾಂ ತೂಗಿದರೆ ಹೆಚ್ಚು. ಕಾಗದದ ಮೇಲೆ ಇದು ಬಡ ಲೆಕ್ಕ. ಯಾಕೆ ಇಷ್ಟು ಕಡಿಮೆ ಎಂದು ನೋಡಬೇಕಾದರೆ ಒಂದು ಹೇಂಟೆಯನ್ನು ನಾಲ್ಕು ತಿಂಗಳು ಗಮನಿಸಬೇಕು. ಅವಳು ಎರಡು ಮೂರು ವಾರ ಮೊಟ್ಟೆ ಇಡುತ್ತಾಳೆ. ಆಮೇಲೆ ಒಂದು ಬೆಳಿಗ್ಗೆ ಗೂಡಿನಿಂದ ಏಳುವುದಿಲ್ಲ. ಕೈ ಹಾಕಿದರೆ ಗರಿಗಳನ್ನೆಲ್ಲ ಉಬ್ಬಿಸಿಕೊಂಡು, ಗಂಟಲಾಳದಿಂದ ಗುರುಗುಟ್ಟಿ ಕುಕ್ಕುತ್ತಾಳೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಅವಳ ರಕ್ತದಲ್ಲಿ ಏರಿರುತ್ತದೆ, ಮೊಟ್ಟೆ ಇಡುವುದು ನಿಂತಿರುತ್ತದೆ. ಮುಂದೆ 21 ದಿನ ಕಾವು. ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಎದ್ದು ಬಂದು ನೀರು ಕುಡಿದು, ಕಾಳು ಹೆಕ್ಕಿ, ಧೂಳಲ್ಲಿ ಒಮ್ಮೆ ಹೊರಳಾಡಿ ಮತ್ತೆ ಗೂಡಿಗೆ. ಮರಿ ಒಡೆದ ಮೇಲೆ ಎರಡು ಎರಡೂವರೆ ತಿಂಗಳು ಅವುಗಳ ಹಿಂದೆಯೇ. ಹೀಗೆ ಒಂದು ಸುತ್ತಿಗೆ ನಾಲ್ಕು ತಿಂಗಳು, ವರ್ಷಕ್ಕೆ ಮೂರು ಸುತ್ತು. ಮರಿಯನ್ನು ಬೇಗ ಬಿಟ್ಟುಕೊಟ್ಟವಳಿಗೆ ನಾಲ್ಕು. ವರ್ಷದ ಬಹುಪಾಲು ದಿನ ಅವಳು ಮೊಟ್ಟೆ ಇಡದಿರುವುದು ಸೋಮಾರಿತನದಿಂದಲ್ಲ, ಬೇರೆ ಕೆಲಸದಲ್ಲಿ ತೊಡಗಿರುವುದರಿಂದ. ಮಾಹಿತಿಪತ್ರದವರು ಆ ಕೆಲಸಕ್ಕೆ ಒಂದು ಕಾಲಂ ಇಟ್ಟಿಲ್ಲ.

ಆ ಕೆಲಸ ಎಂಥದು ಎನ್ನುವುದು ಏಳನೇ ರಾತ್ರಿ ಟಾರ್ಚ್ ಬೆಳಕಿಗೆ ಮೊಟ್ಟೆ ಹಿಡಿದು ನೋಡಿದವರಿಗೆ ಗೊತ್ತು. ಒಳಗೆ ಜೇಡನಂಥ ಕೆಂಪು ನರಗಳು, ನಡುವೆ ಮಿಡಿಯುವ ಒಂದು ಚುಕ್ಕೆ. ಯಂತ್ರದಲ್ಲಿ ಇದೇ ಆಗಬೇಕಾದರೆ 37.5 ಡಿಗ್ರಿ ಶಾಖ, ಅಳತೆಯ ತೇವಾಂಶ, ಗಂಟೆಗೊಮ್ಮೆ ಮೊಟ್ಟೆ ತಿರುಗಿಸುವ ವ್ಯವಸ್ಥೆ, ಕೈಕೊಡದ ಕರೆಂಟು ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಎಷ್ಟು ಹೊತ್ತು ಇರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವುದೇ. ಹೇಂಟೆ ಇದನ್ನೆಲ್ಲ ಹಳೇ ಬುಟ್ಟಿಯೊಂದರಲ್ಲಿ, ಒಂದು ಹಿಡಿ ಹುಲ್ಲಿನ ಮೇಲೆ, ತನ್ನ ಎದೆಯ ಬರಿಯ ಚರ್ಮ ತಾಗಿಸಿ ಮಾಡುತ್ತಾಳೆ. ಗುಡುಗಿಗೆ ತತ್ತಿ ಕೆಡಬಾರದೆಂದು ಅಜ್ಜಿ ಆ ಬುಟ್ಟಿಯಲ್ಲಿ ಕಬ್ಬಿಣದ ತುಂಡೊಂದನ್ನು ಇಡುತ್ತಾರೆ. ನಾನೂ ಇಡುತ್ತೇನೆ.

ಇನ್ನು ಸುಧಾರಿತ ತಳಿಗಳು. ಕರ್ನಾಟಕದ ಹಿತ್ತಲುಗಳಲ್ಲಿ ಅತಿ ಹೆಚ್ಚು ಹೆಸರಾದದ್ದು ಗಿರಿರಾಜ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಕುಕ್ಕುಟ ವಿಜ್ಞಾನಿಗಳು ಇದನ್ನು 1989ರಲ್ಲಿ ರೈತರ ಕೈಗೆ ಕೊಟ್ಟರು. ಬಿಳಿ ಕೋಳಿ ಹಿತ್ತಲಲ್ಲಿ ಹದ್ದಿನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಗಿರಿರಾಜದ ಬಣ್ಣಬಣ್ಣದ ಗರಿ ಊರ ಕೋಳಿಯಂತೆಯೇ ತರಗೆಲೆಯ ನಡುವೆ ಮರೆಯಾಗುತ್ತದೆ. ಅಡುಗೆಮನೆಯ ಉಳಿಕೆ, ಹುಳುಹುಪ್ಪಟೆ ತಿಂದು ಬೆಳೆಯುತ್ತದೆ. ವರ್ಷಕ್ಕೆ 130ರಿಂದ 150 ಮೊಟ್ಟೆ, ಅದೂ 50 ಗ್ರಾಂ ಮೀರಿದ ದಪ್ಪ ಮೊಟ್ಟೆ. ಹುಂಜವಂತೂ ಎತ್ತಿಕೊಂಡರೆ ಕೈ ಸೋಲುವಷ್ಟು ಭಾರ. ಆ ಭಾರವೇ ನಮ್ಮ ಕಡೆ ಅದಕ್ಕೆ ಮುಳುವಾಯಿತು ಎನ್ನುವುದು ನನ್ನ ಅನುಭವ. ಸಂಜೆ ಊರ ಕೋಳಿಗಳು ಹಾರಿ ಮಾವಿನ ಕೊಂಬೆ ಏರುವಾಗ ಗಿರಿರಾಜಗಳು ಬುಡದಲ್ಲೇ ಕತ್ತೆತ್ತಿ ನೋಡುತ್ತ ಉಳಿಯುತ್ತಿದ್ದವು. ಗೂಡಿಗೆ ಅಟ್ಟುವುದು ಒಂದು ದಿನ ತಡವಾಯಿತು, ಕಾಡುಬೆಕ್ಕು ಬಂದು ಹೋಯಿತು.

ಈ ಕೊರತೆ ಅರಿತೇ ಇರಬೇಕು, ಅದೇ ಹೆಬ್ಬಾಳದಿಂದ 2005ರಲ್ಲಿ ಸ್ವರ್ಣಧಾರ ಬಂತು. ಅಷ್ಟರಲ್ಲಿ ಪಶುವೈದ್ಯಕೀಯಕ್ಕೆ ಬೀದರಿನಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯ ಆಗಿ, ಹೆಬ್ಬಾಳದ ಕಾಲೇಜು ಅದರ ಕೆಳಗೆ ಸೇರಿತ್ತು. ಸ್ವರ್ಣಧಾರದ ಮೈತೂಕ ಗಿರಿರಾಜಕ್ಕಿಂತ ಕಡಿಮೆ, ಹೀಗಾಗಿ ಓಟ ಚುರುಕು. ಮೊಟ್ಟೆ ಮಾತ್ರ ಹೆಚ್ಚು, ವರ್ಷಕ್ಕೆ 180ರ ಮೇಲೆ. ನಮ್ಮ ಹಿತ್ತಲಿಗೆ ಹೊಂದಿದ ಸುಧಾರಿತ ತಳಿ ಯಾವುದು ಎಂದು ಒಂದೇ ಹೆಸರು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ಗ್ರಾಮಪ್ರಿಯ, ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸಂಸ್ಥೆಯ ಕಾವೇರಿ, ಇವೆರಡೂ ಮೊಟ್ಟೆಯ ಲೆಕ್ಕದಲ್ಲಿ ಸ್ವರ್ಣಧಾರದ ಸಮಸಮಕ್ಕೆ ನಿಲ್ಲುವಂಥವು. ಹೈದರಾಬಾದಿನದೇ ವನರಾಜ ನೂರರ ಆಸುಪಾಸಿನಲ್ಲಿ ನಿಲ್ಲುತ್ತದೆ, ಅದು ಮಾಂಸಕ್ಕೆ ಚೆನ್ನ. ಮಧ್ಯಪ್ರದೇಶದ ಝಾಬುವಾದ ಕಡಕನಾಥಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲೆ ಅದರ ಕರಿ ಮಾಂಸದ ಬಗ್ಗೆ ಎಲ್ಲೆಡೆ ಮಾತು. ಮೊಟ್ಟೆಗಾಗಿ ಅದನ್ನು ತರುವವರು ಯೋಚಿಸಬೇಕು. ಅಸೀಲ್ ಕಾಳಗದ ಕೋಳಿ. ಹೇಂಟೆ ಅದ್ಭುತ ತಾಯಿ ಎನ್ನುವುದು ನಿಜ, ಆದರೆ ಮೊಟ್ಟೆ ಊರ ಕೋಳಿಗಿಂತಲೂ ಕಡಿಮೆ.

ಬಿವಿ 380 ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಂದು ಮೊಟ್ಟೆಯ ಈ ವಾಣಿಜ್ಯ ತಳಿ ಈಗ ಹಿತ್ತಲುಗಳಿಗೂ ಬರುತ್ತಿದೆ. ವರ್ಷಕ್ಕೆ 280, 300 ಮೊಟ್ಟೆ ಎಂದರೆ ಯಾರ ಬಾಯಲ್ಲಾದರೂ ನೀರೂರಬೇಕು. ಕಂದು ಚಿಪ್ಪು ನೋಡಿ ಪೇಟೆಯ ಗಿರಾಕಿ ಊರ ಕೋಳಿಯದೆಂದೇ ನಂಬುತ್ತಾನೆ. ಚಿಪ್ಪಿನ ಬಣ್ಣಕ್ಕೂ ಒಳಗಿನ ಸತ್ವಕ್ಕೂ ಸಂಬಂಧವಿಲ್ಲ; ಅದು ಮೊಟ್ಟೆ ಹೊರಬರುವ ಮುಂಚಿನ ತಾಸುಗಳಲ್ಲಿ ಬಳಿದುಕೊಳ್ಳುವ ಬಣ್ಣ ಅಷ್ಟೆ. ಭಂಡಾರ ಕೇಸರಿ ಆಗುವುದು ಕೋಳಿ ತಿಂದ ಹಸಿರಿನಿಂದ. ಮುಖ್ಯ ಸಂಗತಿ ಬೇರೆಯೇ ಇದೆ. ಈ ಕೋಳಿಗೆ ದಿನಕ್ಕೆ 110ರಿಂದ 120 ಗ್ರಾಂ ಲೇಯರ್ ಆಹಾರ ಬೇಕು, ವರ್ಷಕ್ಕೆ 42 ಕಿಲೋ ಹತ್ತಿರ. ಒಂದು ಮೊಟ್ಟೆಯ ಚಿಪ್ಪಿಗೆ 2 ಗ್ರಾಂ ಮೇಲ್ಪಟ್ಟು ಕ್ಯಾಲ್ಸಿಯಂ ಹೋಗುತ್ತದೆ. ಕೋಳಿಯ ಇಡೀ ಎಲುಬಿನ ಗೂಡಿನಲ್ಲಿ ಇರುವುದೇ 20 ಗ್ರಾಂ ಆಸುಪಾಸು. ಅಂದರೆ 300 ಮೊಟ್ಟೆ ಇಡುವವಳು ವರ್ಷದಲ್ಲಿ ತನ್ನ ಎಲುಬಿನ ಮೂವತ್ತು ಪಟ್ಟು ಸುಣ್ಣವನ್ನು ಹೊರಗೆ ಕೊಡುತ್ತಾಳೆ. ಅವಳಿಗೆ ನುಚ್ಚು, ತೌಡು ಹಾಕಿ ಬಿಟ್ಟರೆ ಅವಳ ಮೈ ಮೊಟ್ಟೆ ಇಡುವುದನ್ನು ತಕ್ಷಣ ನಿಲ್ಲಿಸುವುದಿಲ್ಲ. ಎಲುಬಿನಿಂದ ತೆಗೆದು ಚಿಪ್ಪಿಗೆ ಹಾಕುತ್ತದೆ. ತೊಗಲುಮೊಟ್ಟೆ ಬರತೊಡಗುತ್ತದೆ, ಕೊನೆಗೊಂದು ದಿನ ಕೋಳಿ ಕಾಲು ಮಡಚಿ ಕೂತಲ್ಲಿಂದ ಏಳುವುದಿಲ್ಲ. ಅಂಥ ಒಂದನ್ನು ನಾನು ಕೈಯಲ್ಲಿ ಎತ್ತಿ ನೋಡಿದ್ದೇನೆ. ಹಗುರವಾಗಿತ್ತು, ಕಣ್ಣು ಮಾತ್ರ ಲಕಲಕ ಹೊಳೆಯುತ್ತಿತ್ತು. ಪೂರ್ತಿ ಆಹಾರ ಕೊಂಡು ಹಾಕುವ ತಾಕತ್ತು ಇಲ್ಲದವರು ಈ ತಳಿಯನ್ನು ತರಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಸುಣ್ಣದ ವಿಷಯದಲ್ಲಿ ನಮ್ಮಷ್ಟು ಪುಣ್ಯವಂತರು ಬೇರೆ ಇಲ್ಲ. ಕಾಳಿ, ಗಂಗಾವಳಿ, ಅಘನಾಶಿನಿಯ ಅಳಿವೆಗಳಲ್ಲಿ ಬಳಚು ತೆಗೆದು ತಿಂದ ಮೇಲೆ ಚಿಪ್ಪಿ ಹಿತ್ತಲಲ್ಲೇ ರಾಶಿ ಬೀಳುತ್ತದೆ. ತೊಳೆದು, ಬಿಸಿಲಿಗೆ ಹಾಕಿ, ಜೋಳದ ನುಚ್ಚಿನಷ್ಟು ದಪ್ಪಕ್ಕೆ ಕುಟ್ಟಿ ಒಂದು ಗರಟೆಯಲ್ಲಿ ಬೇರೆಯಾಗಿ ಇಡಿ. ಆಹಾರದಲ್ಲಿ ಕಲಸಬೇಡಿ. ಮೊಟ್ಟೆ ಇಡುವವಳು ಸಂಜೆ ತಾನೇ ಬಂದು ಬೇಕಾದಷ್ಟು ಹೆಕ್ಕುತ್ತಾಳೆ, ಹುಂಜ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಮೀನಿನ ಊರಿನವರಿಗೆ ಮಾತ್ರ ಕಾಡುವ ಇನ್ನೊಂದು ಸಮಸ್ಯೆ ಇದೆ. ಮೀನು ಹೆಚ್ಚಿದ ಮೇಲೆ ಉಳಿಯುವ ತಲೆ, ಕರುಳು ಕೋಳಿಗೆ ಹಾಕುವುದು ಇಲ್ಲಿನ ರೂಢಿ. ಕಾರವಾರದ ನಮ್ಮ ನೆಂಟರ ಮನೆಯಲ್ಲಿ ಎರಡು ಬಗೆಯ ಕೋಳಿಗಳು ಒಂದೇ ಅಂಗಳದಲ್ಲಿ ಒಂದೇ ಮೀನು ತಿನ್ನುತ್ತಿದ್ದವು. ಬಿಳಿ ಮೊಟ್ಟೆ ಸರಿಯಾಗಿತ್ತು, ಕೆಲವು ಕಂದು ಮೊಟ್ಟೆ ಮಾತ್ರ ಬೇಯಿಸಿ ಒಡೆದರೆ ಕೊಳೆತ ಮೀನಿನ ವಾಸನೆ. ಮೊಟ್ಟೆ ಹಳತಾಯಿತೆಂದು ಅವರು ಎಸೆಯುತ್ತಿದ್ದರು. ಅದು ಹಳತಾಗಿರಲಿಲ್ಲ. ಮೀನು ತಿಂದ ಕೋಳಿಯ ಹೊಟ್ಟೆಯಲ್ಲಿ ಟ್ರೈಮಿಥೈಲಮೀನ್ ಎಂಬ ವಸ್ತು ಹುಟ್ಟುತ್ತದೆ. ಹೆಚ್ಚಿನ ಕೋಳಿಗಳ ಪಿತ್ತಜನಕಾಂಗ ಅದನ್ನು ವಾಸನೆಯಿಲ್ಲದ ವಸ್ತುವಾಗಿ ಮಾರ್ಪಡಿಸುತ್ತದೆ. ಕಂದು ಮೊಟ್ಟೆ ಇಡುವ ಕೆಲವು ವಂಶಗಳಲ್ಲಿ ಆ ಕೆಲಸದ ಜೀನ್ ಕೆಟ್ಟಿದೆ, ಹಾಗಾಗಿ ವಾಸನೆ ನೇರ ಭಂಡಾರಕ್ಕೆ ಇಳಿಯುತ್ತದೆ. ಆ ಜೀನನ್ನು 2005ರಲ್ಲಿ ವಿಜ್ಞಾನಿಗಳು ಗುರುತಿಸಿದರು. ನಿಮ್ಮ ಹಿಂಡಿನಲ್ಲಿ ಅಂಥ ಹೇಂಟೆ ಇದ್ದರೆ ಮೀನು ನಿಲ್ಲಿಸಿ ನೋಡಿ, ಕೆಲವು ದಿನಗಳಲ್ಲಿ ಮೊಟ್ಟೆ ಸರಿಯಾಗುತ್ತದೆ. ಉಪ್ಪು ಹಾಕಿದ ಒಣಮೀನಂತೂ ಯಾವ ತಳಿಗೂ ಬೇಡ. ಕೋಳಿಗೆ ಹೆಚ್ಚಿನ ಉಪ್ಪು ವಿಷ.

ಮರಿ ಕೊಳ್ಳುವಾಗ ಮೋಸ ಹೋಗುವುದು ಸುಲಭ. ಒಂದು ವರ್ಷ ಜಾತ್ರೆಯಲ್ಲಿ ಮಕ್ಕಳ ಹಟಕ್ಕೆ ಗುಲಾಬಿ, ಹಸಿರು ಬಣ್ಣದ ಮರಿಗಳನ್ನು ಕೊಂಡೆ. "ಗಿರಿರಾಜ ಮರಿ ಸಾರ್, ಆರು ತಿಂಗಳಿಗೆ ತತ್ತಿ" ಎಂದ ಮಾರುವವನು. ಹನ್ನೊಂದರಲ್ಲಿ ಎಂಟು ವಾರದೊಳಗೆ ಸತ್ತವು. ಉಳಿದ ಮೂರೂ ಬಣ್ಣ ಉದುರಿ ಬೆಳ್ಳಗಾಗಿ, ನಾಲ್ಕನೇ ತಿಂಗಳಿಗೆ ಕೂಗತೊಡಗಿದವು. ಮೊಟ್ಟೆಕೋಳಿಯ ಹ್ಯಾಚರಿಗಳಲ್ಲಿ ಹುಟ್ಟುವ ಮರಿಗಳಲ್ಲಿ ಅರ್ಧ ಗಂಡು. ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರಿನಂತೆ ಮಾಂಸವೂ ಕಟ್ಟುವುದಿಲ್ಲ, ಹಾಗಾಗಿ ಮೊದಲ ದಿನವೇ ಬೇಡವಾಗುತ್ತವೆ. ಬಣ್ಣ ಬಳಿದು ಜಾತ್ರೆಗೆ ಬರುವುದು ಅವೇ. ಆ ಮರಿಗಳ ತಪ್ಪು ಏನೂ ಇರಲಿಲ್ಲ. ಮೂವರಲ್ಲಿ ಒಬ್ಬ ಎರಡು ವರ್ಷ ನಮ್ಮ ಅಂಗಳದಲ್ಲೇ ಇದ್ದ. ಮರಿ ಬೇಕಾದವರು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ವಿಶ್ವವಿದ್ಯಾಲಯದ ಅಥವಾ ಸರಕಾರದ ಕೇಂದ್ರದಿಂದಲೇ ತರಿಸುವುದು ಒಳ್ಳೆಯದು. ದಿನದ ಮರಿ ಹೊಟ್ಟೆಯಲ್ಲಿ ಭಂಡಾರದ ಬುತ್ತಿ ಕಟ್ಟಿಕೊಂಡೇ ಹುಟ್ಟುತ್ತದೆ. ಎರಡು ದಿನ ಅನ್ನನೀರಿಲ್ಲದೆ ಬದುಕಬಲ್ಲದು, ಬೆಂಗಳೂರಿನಿಂದ ಐನೂರು ಕಿಲೋಮೀಟರು ದಾಟಿ ಬಂದರೂ ಅಡ್ಡಿಯಿಲ್ಲ.

ಯಾವ ತಿಂಗಳಲ್ಲಿ ತರಬೇಕು ಎನ್ನುವುದು ಯಾವ ತಳಿ ಎನ್ನುವಷ್ಟೇ ದೊಡ್ಡ ಪ್ರಶ್ನೆ. ಮಳೆಗಾಲದ ಮರಿ ನಮ್ಮ ಕಡೆ ಉಳಿಯುವುದು ಕಷ್ಟ. ಹಾಸು ಒದ್ದೆಯಾದರೆ ರಕ್ತಭೇದಿ ಹಿಡಿಯುತ್ತದೆ. ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ತಂದ ಮರಿಗೆ ಐದು ತಿಂಗಳು ಒಣ ನೆಲ ಸಿಗುತ್ತದೆ, ಹಗಲು ದಿನದಿನಕ್ಕೆ ಉದ್ದವಾಗುತ್ತ ಹೋಗುತ್ತದೆ; ಹಗಲು ಬೆಳೆಯುವುದೇ ಹೇಂಟೆಯ ಮೈಗೆ ಮೊಟ್ಟೆ ಇಡುವ ಕರೆ. ಐದೂವರೆ ಆರು ತಿಂಗಳಿಗೆ ಮೊದಲ ಮೊಟ್ಟೆ ಎಂದರೆ ಸರಿಯಾಗಿ ಜೂನ್. ದೋಣಿಗಳು ದಡ ಸೇರುವ ಹೊತ್ತಿಗೆ ನಿಮ್ಮ ಹಿತ್ತಲು ತಯಾರು.

ಎಲ್ಲ ತಳಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕೊಕ್ಕರೆ ರೋಗ. 1928ರಲ್ಲಿ ಕುಮಾವೂಂ ಬೆಟ್ಟದ ರಾಣಿಖೇತಿನಲ್ಲಿ ವರದಿಯಾದ್ದರಿಂದ ಇದಕ್ಕೆ ರಾಣಿಖೇತ್ ಎಂಬ ಹೆಸರೂ ಇದೆ. ಬಂತೆಂದರೆ ಹಸಿರು ಭೇದಿ, ತಿರುಚಿದ ಕುತ್ತಿಗೆ, ವಾರದಲ್ಲಿ ಇಡೀ ಕೇರಿಯ ಗೂಡು ಖಾಲಿ. ಊರ ಕೋಳಿ ಗಟ್ಟಿ, ಅದಕ್ಕೆ ಲಸಿಕೆ ಬೇಡ ಎನ್ನುವುದು ನಾನು ಕೇಳಿದ ಅತಿ ದುಬಾರಿ ಮಾತು. ಮೊದಲ ವಾರ ಕಣ್ಣಿಗೊಂದು ಹನಿ, ಎಂಟನೇ ವಾರ ಆರ್‌2ಬಿ ಚುಚ್ಚುಮದ್ದು. ತೊಡಕು ಇರುವುದು ಶೀಶೆಯಲ್ಲಿ: ನೂರಾರು ಕೋಳಿಗೆ ಆಗುವಷ್ಟು ಒಂದರಲ್ಲೇ ಬರುತ್ತದೆ, ಕಲಸಿದ ಮೇಲೆ ತಾಸೆರಡು ತಾಸಿನಲ್ಲಿ ಮುಗಿಸಬೇಕು. ಹತ್ತು ಕೋಳಿಯವರು ಒಬ್ಬರೇ ತಂದರೆ ನಷ್ಟ ಎನಿಸಿ ಸುಮ್ಮನಾಗುತ್ತಾರೆ. ನಮ್ಮ ಕೇರಿಯಲ್ಲಿ ಈಗ ಹನ್ನೆರಡು ಮನೆಯವರು ಒಂದೇ ದಿನ ಗೊತ್ತುಮಾಡಿಕೊಳ್ಳುತ್ತೇವೆ. ಹಿಂದಿನ ರಾತ್ರಿ ಗೂಡಿನ ಬಾಗಿಲು ಹಾಕಿದರೆ ಬೆಳಿಗ್ಗೆ ಕೋಳಿ ಹಿಡಿಯುವ ಓಟವೂ ಇಲ್ಲ.

2019ರ ಜಾನುವಾರು ಗಣತಿಯಲ್ಲಿ ದೇಶದ ಹಿತ್ತಲ ಕೋಳಿಗಳ ಸಂಖ್ಯೆ 31.7 ಕೋಟಿ ದಾಟಿತು, ಹಿಂದಿನ ಗಣತಿಗಿಂತ ಶೇ 45ಕ್ಕೂ ಹೆಚ್ಚು ಏರಿಕೆ. ಸಂತೋಷದ ಸುದ್ದಿ. ಆದರೆ ನಮ್ಮ ಕೇರಿಯಲ್ಲೇ ನೋಡುತ್ತಿರುವುದೊಂದು ನನ್ನನ್ನು ಕಾಡುತ್ತದೆ. ಗಿರಿರಾಜ, ಗ್ರಾಮಪ್ರಿಯದಂಥವು ಮಿಶ್ರ ತಳಿಗಳು, ಅವುಗಳ ಮರಿಗಳು ತಾಯಿಯಂತೆಯೇ ಬರುವುದಿಲ್ಲ. ಹೆಚ್ಚು ಮೊಟ್ಟೆಗಾಗಿ ಆರಿಸುತ್ತ ಹೋದಾಗ ಕಾವು ಕೂರುವ ಗುಣವನ್ನೂ ಅವುಗಳಿಂದ ತೆಗೆಯಲಾಗಿದೆ. ದಪ್ಪ ಹುಂಜವೆಂದು ಅದನ್ನು ಊರ ಹೇಂಟೆಗಳ ನಡುವೆ ಬಿಟ್ಟರೆ ಎರಡು ಮೂರು ತಲೆಮಾರಿನಲ್ಲಿ ಮರಿಗೆ ಕೂರುವ ಹೇಂಟೆಗಳೇ ಕಡಿಮೆಯಾಗುತ್ತವೆ. ಈಗ ನಮ್ಮ ಕೇರಿಯ ಹನ್ನೆರಡು ಮನೆಗಳಲ್ಲಿ ನೆಚ್ಚಿ ಮೊಟ್ಟೆ ಇಡಬಹುದಾದ ಕಾವುಕೋಳಿ ಇರುವುದು ನಾಲ್ಕು ಮನೆಯಲ್ಲಿ. ಪೇಟೆಯಲ್ಲಿ ಸಿಗುವ ವಸ್ತು ಅಲ್ಲ ಅದು.

ಆದ್ದರಿಂದ ಹತ್ತು ಕೋಳಿಯ ಹಿಂಡು ಕಟ್ಟುವವರಿಗೆ ನನ್ನ ಲೆಕ್ಕ ಹೀಗೆ: ಮೂರು ಊರ ಹೇಂಟೆ, ಒಂದು ಊರ ಹುಂಜ, ಆರು ಸ್ವರ್ಣಧಾರದ ಹೇಂಟೆ. ಸ್ವರ್ಣಧಾರ ಸಿಗದಿದ್ದರೆ ಗ್ರಾಮಪ್ರಿಯ ಅಥವಾ ಕಾವೇರಿ. ಹೊರಗಿನ ಹುಂಜ ಬೇಡವೇ ಬೇಡ. ಹರಕೆಗೂ ಸಾರಿಗೂ ನಮ್ಮ ಜನ ಕೇಳುವುದು ಊರ ಹುಂಜವನ್ನೇ. ಮೊಟ್ಟೆಯ ಬಹುಪಾಲು ಆ ಆರರಿಂದ ಬರಲಿ. ಊರ ಹೇಂಟೆಗಳ ಮೊಟ್ಟೆಯನ್ನು ಊರ ಹೇಂಟೆಗಳ ಕೆಳಗೇ ಇಡಿ. ನೆಲದಿಂದ ಎರಡಡಿ ಎತ್ತರದ ಗೂಡು, ಒಳಗೆ ಒಣ ಭತ್ತದ ಹೊಟ್ಟು, ಬಿಗಿಯಾದ ಚಿಲಕ. ಇಷ್ಟಿದ್ದರೆ ಸಾಕು.

ಕಾವುಕೋಳಿಯಿಂದ ಇನ್ನೊಂದು ಉಪಕಾರವಿದೆ. ಅಜ್ಜಿ ತೋರಿಸಿಕೊಟ್ಟದ್ದು. ಕಳೆದ ಜನವರಿಯಲ್ಲಿ ರಾತ್ರಿ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಒಂಬತ್ತು ಸ್ವರ್ಣಧಾರದ ಮರಿಗಳು ಬಂದವು. ನಮ್ಮ ಕಂದು ಹೇಂಟೆ ಕಾವಿಗೆ ಕೂತು ಇಪ್ಪತ್ತು ದಿನವಾಗಿತ್ತು. ಕತ್ತಲಾಗುವವರೆಗೆ ಮರಿಗಳನ್ನು ಬೆಚ್ಚಗಿಟ್ಟು, ರಾತ್ರಿ ದೀಪ ಹಾಕದೆ, ಅಜ್ಜಿ ಒಂದೊಂದೇ ಮರಿಯನ್ನು ಅವಳ ರೆಕ್ಕೆಯ ಕೆಳಗೆ ಸರಿಸಿ, ಅಷ್ಟೇ ಮೊಟ್ಟೆಯನ್ನು ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ಆ ಮೊಟ್ಟೆಗಳನ್ನು ಪಕ್ಕದ ಮನೆಯ ಇನ್ನೊಂದು ಕಾವುಕೋಳಿಯ ಕೆಳಗೆ ಇಟ್ಟೆವು. ಕಂದು ಹೇಂಟೆ ಒಮ್ಮೆ ಮೈ ಕೊಡವಿದಳು. ಆಮೇಲೆ ಸಣ್ಣಗೆ, ನಾನು ಹಿಂದೆ ಕೇಳಿರದ ಮೆತ್ತನೆಯ ದನಿಯಲ್ಲಿ ಕೊಕ್ ಕೊಕ್ ಎನ್ನತೊಡಗಿದಳು.

ಮೇಲಿನಿಂದ ಬರುವ ಶತ್ರುವಿಗೆ ಕೋಳಿ ಒಂದು ಬಗೆಯಲ್ಲಿ ಕೂಗುತ್ತದೆ, ನೆಲದ ಮೇಲೆ ಬರುವುದಕ್ಕೆ ಇನ್ನೊಂದು ಬಗೆಯಲ್ಲಿ. ಹ್ಯಾಚರಿಯಲ್ಲಿ ಕೂಗಿ ಹೇಳುವ ತಾಯಿ ಇರುವುದಿಲ್ಲ. ನಾಲ್ಕನೇ ದಿನ ಒಂಬತ್ತೂ ಮರಿಗಳು ತೆಂಗಿನ ಬುಡದಲ್ಲಿ ಕೆದಕುತ್ತಿದ್ದವು. ಅಂಗಳದ ಮೇಲೆ ಹದ್ದಿನ ನೆರಳು ಹಾದುಹೋಯಿತು. ಅವಳು ಒಮ್ಮೆ ಕೂಗಿದಳು. ಹೆಬ್ಬಾಳದಿಂದ ಬಂದ ಮರಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬೇಲಿಯ ದಾಸವಾಳದ ಕೆಳಗೆ ಸೇರಿಕೊಂಡವು. ಅವಳು ಮಾತ್ರ ಬಯಲಲ್ಲಿ, ಕತ್ತು ಓರೆ ಮಾಡಿ ಒಂದು ಕಣ್ಣನ್ನು ಆಕಾಶಕ್ಕೆ ನೆಟ್ಟು ನಿಂತಿದ್ದಳು.